ಮೇಳಿಗೆಗೆ ಬಂದ ಒರೆಯಾನ

ಸಾಗರ, ೧೯೬೬ ಜನವರಿ ೩೦, ಭಾನುವಾರ

ಭಾನುವಾರವೆಂದು ಅಂಗಡಿಗೆ ಅರ್ಧ ಬಾಗಿಲು ಹಾಕಿದ್ದೆ. ಉಳಿದರ್ಧದಲ್ಲಿ ವಿಘ್ನೇಶ್ವರ ಮೇಷ್ಟ್ರು ನುಗ್ಗಿ ಬಂದು ಸೀಗೆಕಾಯಿ ಮೂಟೆಯ ಮೇಲೆ ಕೂತರು. ಹೈಸ್ಕೂಲಿನಲ್ಲಿ ಚರಿತ್ರೆ ಹೇಳುವ ಮನುಷ್ಯ. ಕೂತದ್ದು ಮೂಟೆಯ ಮೇಲಾದರೂ ಮುಖ ಸಿಂಹಾಸನದ್ದೇ.

"ಬೆಳ್ಳಪ್ಪ, ನಮ್ಮ ತಾಳಮದ್ದಳೆ ಕೂಟಕ್ಕೆ ಹೊಸ ಪ್ರಸಂಗ ಬರೆದಿದ್ದೇನೆ. ಪದ್ಯ ಎಲ್ಲ ಮುಗೀತು. ಅರ್ಥ ಹೇಳೋಕೆ ನೀವು ಬೇಕು."

"ಯಾವ ಪರ್ವದ್ದು?"

"ಯಾವ ಪರ್ವದ್ದೂ ಅಲ್ಲ. ಪುರಾಣ ಸಾಕು ಮಾರಾಯ್ರೆ. ಇದು ಚರಿತ್ರೆ. ದಕ್ಷಿಣ ಅಮೆರಿಕದ ಮಹಾನದಿ, ಅಮೆಜಾನ್. ಸ್ಪೇನ್ ದೇಶದವರು ಮೊದಲ ಸಲ ಅದರಲ್ಲಿ ಸಮುದ್ರದವರೆಗೆ ಹೋದ ಕಥೆ."

"ಅದರಲ್ಲಿ ಕೃಷ್ಣ ಯಾರು?"

"ಕೃಷ್ಣ ಇಲ್ಲ."

"ಹಾಗಾದರೆ ಎಲ್ಲರೂ ಕೌರವರು. ಸಭೆ ಯಾರ ಕಡೆ ಕೂರಬೇಕು?"

ಮೇಷ್ಟ್ರು ನಗಲಿಲ್ಲ. ಕಥೆ ಹೇಳಿದರು. ನಾನೂರ ಇಪ್ಪತ್ತೈದು ವರ್ಷದ ಹಿಂದೆ ಗೊಂಜಾಲೊ ಪಿಸಾರೊ ಎಂಬ ದೊರೆ ಕ್ವಿಟೊ ಎಂಬ ಊರಿನಿಂದ ಹೊರಟು, ಹಿಮದ ಬೆಟ್ಟ ಹತ್ತಿ ಇಳಿದು, ಮಹಾಕಾಡು ಹೊಕ್ಕನಂತೆ. ಯಾತಕ್ಕೆ? ದಾಲ್ಚಿನ್ನಿಗೆ! ನಾನು ಇಪ್ಪತ್ತು ವರ್ಷದಿಂದ ದಾಲ್ಚಿನ್ನಿ ಮೊಗ್ಗು ತೂಗಿ ಹೊಟ್ಟೆ ಹೊರೆಯುವವನು. ಕಾಡಿನಲ್ಲಿ ದಾಲ್ಚಿನ್ನಿ ಮರ ಹೇಗಿರುತ್ತದೆ ಎಂದು ಹೊಸನಗರದ ಕಡೆ ಯಾರನ್ನು ಕೇಳಿದರೂ ಹೇಳುತ್ತಾರೆ: ಇಲ್ಲೊಂದು, ಅಲ್ಲೊಂದು, ನಡುವೆ ಒಂದು ಗುಡ್ಡ. ಈ ಪುಣ್ಯಾತ್ಮ ಅದು ತೋಟದ ಹಾಗೆ ಸಾಲು ಹಿಡಿದು ನಿಂತಿರುತ್ತದೆ ಎಂದುಕೊಂಡು ಕುದುರೆ, ಹಂದಿ ಮಂದೆ, ಬೇಟೆನಾಯಿ, ಸಾವಿರಾರು ಆಳು ಎಲ್ಲ ಹೊರಡಿಸಿಕೊಂಡು ಹೋದ. ಸಿಕ್ಕಿದ್ದು ಇಲ್ಲೊಂದು, ಅಲ್ಲೊಂದು. ಆ ಸಿಟ್ಟಿಗೆ ದಾರಿ ತೋರಿಸಿದ ಅಲ್ಲಿನ ಜನರನ್ನೇ ನಾಯಿಗೆ ಹಾಕಿಸಿದ. ಸರಕು ಕಡಿಮೆ ಬಂತೆಂದು ತಕ್ಕಡಿಗೆ ಹೊಡೆಯುವ ಜಾತಿ.

ಹಂದಿ ಮುಗಿಯಿತು, ನಾಯಿ ಮುಗಿಯಿತು, ಕುದುರೆ ಮುಗಿಯಿತು. ಜೀನಿನ ತೊಗಲು ಬೇಯಿಸಿ ತಿಂದರು. ಆಗ ಅವನ ಜೊತೆಗಾರ ಒರೆಯಾನ, ಒಕ್ಕಣ್ಣ, "ದೋಣಿಯಲ್ಲಿ ಕೆಳಗೆ ಹೋಗಿ ಊಟ ತರುತ್ತೇನೆ, ಹನ್ನೆರಡು ದಿನದೊಳಗೆ ಬಂದೆ" ಎಂದು ಅರವತ್ತು ಜನರನ್ನು ಹತ್ತಿಸಿಕೊಂಡು ಹೋದ. ಬರಲೇ ಇಲ್ಲ. ಹೊಳೆ ಹಿಡಿದು ಸಮುದ್ರಕ್ಕೇ ಹೋದ. ಲೋಕ ಅವನನ್ನು ಮಹಾ ಅನ್ವೇಷಕ ಅಂದಿತು.

"ಊಟ ತರಲು ಹೋದವನು ಊಟ ತರಲಿಲ್ಲ. ಅದಕ್ಕೆ ಬಿರುದು!"

"ಅದನ್ನೇ ನೀವು ಸಮರ್ಥನೆ ಮಾಡಬೇಕು. ಒರೆಯಾನ ನೀವು. ಪಿಸಾರೊ ನಮ್ಮ ಗುತ್ಯಪ್ಪ."

ಗುತ್ಯಪ್ಪ ಬಸ್‌ಸ್ಟ್ಯಾಂಡಿನ ಹತ್ತಿರ ಬಟ್ಟೆ ಹೊಲಿಯುತ್ತಾನೆ. ಅರ್ಥ ಹೇಳಲು ಜಮಖಾನದ ಮೇಲೆ ಎದುರು ಕೂತರೆ ಒಂದು ಮಾತಿಗೆ ಮೂರು ಸಲ ಸೂಜಿ ಪೋಣಿಸುವವನು. ಅವನ ಎದುರು ಗೆಲ್ಲುವುದು ನನಗೆ ಎಲೆ ಅಡಿಕೆ ಹಾಕಿಕೊಂಡಷ್ಟು ಕೆಲಸ. ಆಗಲಿ ಅಂದೆ.

ಇದನ್ನೆಲ್ಲ ಬರೆದಿಡುವ ಚಟ ಹೊಸದು. ಮನೆಯಲ್ಲೀಗ ಮಾತಿಗೆ ಸಿಗುವವಳು ಅಕ್ಕ ಮಾಸ್ತಮ್ಮ ಒಬ್ಬಳೇ. ಅವಳ ಹತ್ತಿರ ಯಾವ ವಿಷಯ ಎತ್ತಿದರೂ ಮೂರನೆಯ ಮಾತಿಗೆ ನನ್ನ ಹೆಂಡತಿ ಹೂವಮ್ಮನ ಹೆಸರು ಬರುತ್ತದೆ. ಕಾಗದಕ್ಕೆ ಆ ಚಾಳಿ ಇಲ್ಲ.

ಫೆಬ್ರವರಿ ೪, ಶುಕ್ರವಾರ

ತೀರ್ಥಹಳ್ಳಿ ಬಸ್ಸಿನ ಕಂಡಕ್ಟರ್ ಸೀತಾರಾಮಪ್ಪನಿಗೆ ಟಿಕೆಟ್ ಹರಿಯುವುದಕ್ಕಿಂತ ಊರೂರಿನ ಸುದ್ದಿ ಹಂಚುವುದೇ ಕಸುಬು. ಇವತ್ತು ಫುಟ್‌ಬೋರ್ಡಿನ ಮೇಲೆ ನಿಂತು, ನನ್ನ ಅಂಗಡಿ ಎದುರಿಗೇ, ಇಡೀ ಬಸ್ಸಿಗೆ ಕೇಳುವ ಹಾಗೆ ಕೂಗಿದ:

"ಬೆಳ್ಳಪ್ಪಣ್ಣಾ, ಮೇಳಿಗೆಯಿಂದ ಹೇಳಿ ಕಳಿಸಿದಾರೆ! ಯುಗಾದಿ ಒಳಗೆ ಕರ್ಕೊಂಡು ಹೋಗೋಕೆ ಬರ್ತಾರಾ ಕೇಳು, ಇಲ್ಲ ಅಂದ್ರೆ ನನ್ನ ಪೆಟ್ಟಿಗೆ ನಿನ್ನ ಬಸ್ಸಿನ ಮೇಲೆ ಹಾಕಲಿ ಅಂದ್ರು ನಿಮ್ಮನೆಯೋರು!"

ಬಸ್ಸು ನಕ್ಕಿತು. ಕೋಳಿ ಬುಟ್ಟಿ ಹಿಡಿದ ಮುದುಕಿಯೂ ನಕ್ಕಳು. ನಾನು, "ನಿನ್ನ ಬಸ್ಸಿನ ಮೇಲೆ ಹಾಕಿದ ಪೆಟ್ಟಿಗೆ ಊರು ಮುಟ್ಟಿದ ದಾಖಲೆ ಇದೆಯೇನೋ?" ಅಂದೆ. ಆಗ ಇನ್ನೂ ಜೋರಾಗಿ ನಕ್ಕರು. ನಗು ನನ್ನ ಕಡೆಗೇ ಬಂತು, ಲೆಕ್ಕ ಸರಿಹೋಯಿತು.

ನಡೆದದ್ದು ಇಷ್ಟೇ. ಹೊಸ ವರ್ಷದ ಮೊದಲ ವಾರ ಕೂಟದಲ್ಲಿ ಕೃಷ್ಣ ಕುಚೇಲರ ಪ್ರಸಂಗ. ಕುಚೇಲ ನಾನು. ಅವತ್ತೇ ಮಾವ ಗಿರಿಯಪ್ಪ ಮೇಳಿಗೆಯಿಂದ ಮಗಳನ್ನು ನೋಡಲು ಬಂದಿದ್ದರು, ಕೈಯಲ್ಲಿ ಎಂದಿನ ಜೋನಿ ಬೆಲ್ಲದ ಡಬ್ಬಿ, ಜೇನಿನ ಹಾಗೆ ಹರಿಯುವ ಬೆಲ್ಲ. ಪ್ರತಿವರ್ಷ ತರುತ್ತಾರೆ. ಇಡುವಾಗ ಒಂದೇ ಮಾತು, ಒಂದೇ ರಾಗ: "ನಮ್ಮ ಆಲೆಮನೆದೇ, ಹೊರಗಿಂದಲ್ಲ." ಹೇಳುವಾಗ ಕುತ್ತಿಗೆ ಸ್ವಲ್ಪ ಎಡಕ್ಕೆ ವಾಲುತ್ತದೆ, ಡಬ್ಬಿಯ ಮುಚ್ಚಳವನ್ನು ಎರಡು ಸಲ ತಟ್ಟುತ್ತಾರೆ. ಕುಚೇಲ ಅವಲಕ್ಕಿ ಗಂಟು ಬಿಚ್ಚುವ ಹೊತ್ತಿಗೆ ನನ್ನ ಬಾಯಿಗೆ ಅದೇ ಬಂತು. ಕುತ್ತಿಗೆ ವಾಲಿಸಿ, ಗಂಟು ತಟ್ಟಿ, "ನಮ್ಮ ಗದ್ದೆದೇ, ಹೊರಗಿಂದಲ್ಲ" ಅಂದೆ. ಮಾವನನ್ನು ಬಲ್ಲವರು ಸಭೆಯಲ್ಲಿ ಹತ್ತು ಜನ ಇದ್ದರು. ಅವರು ನಕ್ಕರು, ಅವರನ್ನು ನೋಡಿ ಉಳಿದವರು ನಕ್ಕರು. ಹಾಗೆ ಆರು ಸಲ ಅನ್ನಿಸಿದರು. ಮಾವನೂ ನಕ್ಕರು.

ಹೂವಮ್ಮ ಮನೆಗೆ ಬಂದು ಅನ್ನ ಬಡಿಸಿ ಹೇಳಿದಳು: "ಎಲ್ಲ ನಗಲಿ. ಅಪ್ಪನೂ ನಕ್ಕಿದ್ದು ನಂಗೆ ನೋಡಕ್ಕಾಗ್ಲಿಲ್ಲ."

ನಾನು ನಿಯಮ ಹೇಳಿದೆ. ಜಮಖಾನದ ಮಾತು ಜಮಖಾನದ ಮೇಲೇ. ಅಲ್ಲಿ ಆಡಿದ್ದು ಪಾತ್ರದ್ದು, ಆಡಿದವನದ್ದಲ್ಲ. ಕರ್ಣನಾಗಿ ಬೈದವನು ಅರ್ಜುನನಾಗಿದ್ದವನ ಜೊತೆ ಕಾಫಿ ಕುಡಿಯುತ್ತಾನೆ. ಇದು ಹಿರಿಯರು ಮಾಡಿದ ಕಟ್ಟಳೆ.

"ಹೌದಾ" ಅಂದಳು. ಮರುದಿನ ಅಪ್ಪನ ಜೊತೆ ಬಸ್ಸು ಹತ್ತಿದಳು. ಸಂಕ್ರಾಂತಿ ಕಳೆದ ಮೇಲೆ ಬಂದು ಕರೆದುಕೊಂಡು ಬರುತ್ತೇನೆಂದು ಬಸ್‌ಸ್ಟ್ಯಾಂಡಿನಲ್ಲಿ ನಾನೇ ಅಂದಿದ್ದೆ. ನಾಲ್ಕು ಜನ ಇದ್ದರು, ಏನಾದರೂ ಅನ್ನಬೇಕಲ್ಲ.

ಈಗ ಹೋಗಿ ನಿಂತರೆ ಅರ್ಥವೇನು? ಕಟ್ಟಳೆ ತಪ್ಪು, ಅವಳು ಸರಿ. ಹಿರಿಯರಿಗೆ ಅವಮಾನ.

ಫೆಬ್ರವರಿ ೧೩, ಭಾನುವಾರ

ಮೇಷ್ಟ್ರ ಮನೆಯಲ್ಲಿ ಪ್ರಸಂಗ ಓದಿದರು. ಶ್ಯಾಮ ಭಾಗವತರು ಪದ ಹಾಡಿ ನೋಡಿದರು. ಭೈರವಿಯಲ್ಲಿ "ಒರೆಯಾನ ಭೂಪ" ಎಂದು ಎಳೆದಾಗ ಒಳಗಿನಿಂದ ಮೇಷ್ಟ್ರ ಹೆಂಡತಿ ಬಂದು "ಎಂತ ಆತು?" ಎಂದು ಗಾಬರಿಯಿಂದ ಇಣುಕಿದರು.

ಒರೆಯಾನನ ಜಾಣತನ ಇವತ್ತು ಪೂರ್ತಿ ಗೊತ್ತಾಯಿತು. ಕೆಳಗೆ ಹೋದ ಮೇಲೆ ಒಂದು ಹಳ್ಳಿಯಲ್ಲಿ ಊಟ ಸಿಕ್ಕಿದೆ. ಹೊಟ್ಟೆ ತುಂಬ ತಿಂದಿದ್ದಾರೆ. ಹಿಂದಕ್ಕೆ ಹೋಗುವ ಮಾತು ಬಂದಾಗ ದೋಣಿಯವರೆಲ್ಲ ಸೇರಿ, "ಸೆಳವಿನ ಎದುರು ಹೋಗುವುದು ಆಗದ ಕೆಲಸ, ದಯವಿಟ್ಟು ನಮ್ಮನ್ನು ಹಿಂದಕ್ಕೆ ಒಯ್ಯಬೇಡಿ" ಎಂದು ಬರೆದು ರುಜು ಹಾಕಿ ಕೊಟ್ಟಿದ್ದಾರೆ! ಕಾಡಿನ ನಡುವೆ, ಮೈಮೇಲೆ ಬಟ್ಟೆಯಿಲ್ಲ, ಆದರೆ ಬರೆಸಿಕೊಳ್ಳಲು ಗುಮಾಸ್ತ ಇದ್ದ. ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಕ್ಕಣ್ಣ, "ಏನು ಮಾಡಲಿ, ನನಗೆ ಹೋಗುವ ಮನಸ್ಸಿತ್ತು" ಎಂದ.

ನನ್ನ ಅಂಗಡಿಯಲ್ಲಿ ಇಂಥ ಗಿರಾಕಿಗಳು ವಾರಕ್ಕೊಬ್ಬ ಬರುತ್ತಾರೆ. ಒದ್ದೆ ಸರಕು ತಂದು, "ಮಳೆಯೇ ಹೀಗೆ ಮಾಡ್ತು" ಅನ್ನುವವರು.

ಇನ್ನೊಂದು ತಮಾಷೆ. ಒರೆಯಾನ, ಪಿಸಾರೊ ಇಬ್ಬರೂ ಮತ್ತೆ ಜನ್ಮದಲ್ಲಿ ಭೇಟಿಯಾಗಲಿಲ್ಲವಂತೆ. ಹಾಗಾದರೆ ಸಂವಾದ ಎಲ್ಲಿ? ಮೇಷ್ಟ್ರು ದೋಣಿಯಲ್ಲಿ ಮಲಗಿದ ಒರೆಯಾನನ ಕನಸಿನಲ್ಲಿ ಪಿಸಾರೊ ಬರುತ್ತಾನೆಂದು ಬರೆದಿದ್ದಾರೆ. ಪುರಾಣ ಸಾಕು ಎಂದವರು ಚರಿತ್ರೆಯನ್ನು ಕನಸಿನಲ್ಲಿ ನಿಲ್ಲಿಸಿದರು.

ಸಮರ್ಥನೆಗೆ ಮೂರು ಕಂಬ ಹುಡುಕಿದ್ದೇನೆ. ಒಂದು, ನೀರು ಕೆಳಕ್ಕೇ ಹರಿಯುತ್ತದೆ. ಎರಡು, ಹಿಂದಿರುಗಿದ್ದರೆ ಸಿಕ್ಕ ಊಟ ದಾರಿಯಲ್ಲೇ ತೀರಿ, ಹಸಿದ ಬಾಯಿ ಅರವತ್ತು ಹೆಚ್ಚುತ್ತಿತ್ತು, ಅನ್ನ ಒಂದಗುಳೂ ಹೆಚ್ಚುತ್ತಿರಲಿಲ್ಲ. ಮೂರು, ರುಜು. ಈ ಕಂಬಗಳ ಮೇಲೆ ನಾನು ರಾವಣನನ್ನೂ ಕೂರಿಸಬಲ್ಲೆ.

ಮನೆಯಲ್ಲಿ ಗಟ್ಟಿಯಾಗಿ ಹೇಳಿ ನೋಡುತ್ತಿದ್ದೆ. ಅಕ್ಕ ಅಕ್ಕಿ ಆರಿಸುತ್ತಾ ಕೇಳಿದಳು.

"ಯಾರೋ ಅದು, ಬರ್ತೀನಿ ಅಂದು ಬರದೇ ಇದ್ದೋನು?"

"ಸ್ಪೇನ್ ದೇಶದವನು."

"ಅಷ್ಟು ದೂರದೋನಾ" ಅಂದಳು. ಮತ್ತೆ ಅಕ್ಕಿ ಆರಿಸಿದಳು.

ಫೆಬ್ರವರಿ ೨೨, ಮಂಗಳವಾರ

ಪೆಟ್ಟಿಗೆ ಕಳಿಸಿಯೇ ಬಿಡೋಣವೆಂದು ಒಳಮನೆಯಿಂದ ಜಗಲಿಗೆ ಎಳೆದೆ. ಕಬ್ಬಿಣದ ಟ್ರಂಕು, ಮೇಲೆ ಗಿಳಿ ಬರೆದದ್ದು, ಮದುವೆಯಲ್ಲಿ ಮಾವ ಕೊಟ್ಟದ್ದು. ಅಕ್ಕ ಬಾಗಿಲಿಗೆ ಒರಗಿ ನಿಂತಳು.

"ಅದು ಮನೆ ದಾಟಿದ್ರೆ ಮುಗೀತು ಕಣೋ. ಮತ್ತೆ ಅವಳು ಬರಲ್ಲ. ಕರ್ಕೊಂಡು ಬರೋಕೆ ಹೋಗು."

"ನಿನಗೇನು ಗೊತ್ತು?"

"ನನ್ನ ಪೆಟ್ಟಿಗೇನೂ ಹೀಗೇ ಒಂದಿನ ಬಸ್ಸಿನ ಮೇಲೆ ಬಂತಲ್ಲ. ಅದಕ್ಕೇ ನಾನು ನಿನ್ನ ಮನೇಲಿ ಅಕ್ಕಿ ಆರಿಸ್ತಿರೋದು."

ಸೀತಾರಾಮಪ್ಪನ ಬಸ್ಸು ಹಾರ್ನ್ ಹೊಡೆದು ಹೋಯಿತು. ಹಗ್ಗ ಇರಲಿಲ್ಲ. ಈ ಊರಿನಲ್ಲಿ ಗಟ್ಟಿ ಹಗ್ಗ ಸಿಗುವುದಿಲ್ಲ. ತೆಂಗಿನ ನಾರು ಅಂತ ಹುಲ್ಲು ಹೊಸೆದು ಕೊಡುತ್ತಾರೆ.

ಫೆಬ್ರವರಿ ೨೫

ಪೆಟ್ಟಿಗೆ ಜಗಲಿಯಲ್ಲೇ. ಬಂದವರೆಲ್ಲ ಅದರ ಮೇಲೆ ಕೂರುತ್ತಾರೆ. ಗಿಳಿ ಸವೆಯುತ್ತದೆಂದು ಮೇಲೊಂದು ಗೋಣಿ ಹಾಸಿದೆ.

ಮಾರ್ಚ್ ೬, ಭಾನುವಾರ

ಗೆದ್ದೆ!

ಮಧ್ಯಾಹ್ನ ಮೂರಕ್ಕೆ ಶುರು. ಅಡಿಕೆ ಮಂಡಿಯವರು, ಪ್ಲೀಡರುಗಳು, ಹೆಂಗಸರು, ಹೊರಗೆ ನಿಂತವರು ಬೇರೆ. ಪಿಸಾರೊ ಬೇರೆ, ಒರೆಯಾನ ಬೇರೆ ಎಂದು ಅರ್ಧ ಸಭೆಗೆ ತಿಳಿಯಲು ಒಂದು ಗಂಟೆ ಬೇಕಾಯಿತು. ನಡುವೆ ದೋಣಿಯವರ ಮೇಲೆ ಬಿಲ್ಲು ಹಿಡಿದ ಹೆಂಗಸರ ಸೈನ್ಯ ಬರುವ ಪದಕ್ಕೆ ಒಳ್ಳೆ ಕಳೆ ಬಂತು. ಅವರನ್ನು ನಿಜಕ್ಕೂ ಕಂಡರೋ, ಸೋತ ನಾಚಿಕೆ ಮುಚ್ಚಲು ದೋಣಿಯಲ್ಲಿದ್ದ ಪಾದ್ರಿ ಕಟ್ಟಿ ಬರೆದನೋ ಎಂದು ನಾನೇ ಒಂದು ಏಟು ಹಾಕಿದೆ. ಹೆಂಗಸರ ಕಡೆಯಿಂದ ಚಪ್ಪಾಳೆ ಬರಲಿಲ್ಲ.

ಆಮೇಲೆ ಕನಸು. ಗುತ್ಯಪ್ಪ ಟೇಪು ಹಿಡಿದು ಅಳತೆ ತೆಗೆಯುವವನ ಹಾಗೆ ನಿಧಾನಕ್ಕೆ, "ಒರೆಯಾನಾ, ಹನ್ನೆರಡು ದಿನ ಅಂದಿದ್ದೆಯಲ್ಲ?" ಎಂದ.

"ದೊರೆಯೇ, ದಿನ ಎಣಿಸುವುದು ದಡದಲ್ಲಿ ಕೂತವರ ಕೆಲಸ. ನೀರಿನಲ್ಲಿರುವವನಿಗೆ ದಿನವಿಲ್ಲ, ಸೆಳವು ಮಾತ್ರ. ನದಿಯನ್ನು ಹಿಂದಕ್ಕೆ ಹರಿಸುವ ಶಕ್ತಿ ನಿನಗಿದ್ದರೆ ಹೇಳು, ಈಗಲೇ ಬರುತ್ತೇನೆ."

ಸಭೆ ಎದ್ದು ಕೂತಿತು. ಮೂರೂ ಕಂಬ ನೆಟ್ಟೆ. ಅರವತ್ತು ಬಾಯಿಯ ಲೆಕ್ಕ ಒಪ್ಪಿಸಿದಾಗ ಮಂಡಿಯವರು "ಸೈ, ಸೈ" ಅಂದರು. ಲೆಕ್ಕ ಅವರಿಗೆ ತಿಳಿಯುವ ಭಾಷೆ. ರುಜು ಎತ್ತಿದಾಗ ಪ್ಲೀಡರುಗಳು ತಲೆದೂಗಿದರು. ಗುತ್ಯಪ್ಪ ಎರಡು ಸಲ ಬಾಯಿ ತೆರೆದು ಮುಚ್ಚಿದ. ಭಾಗವತರು ಮುಂದಿನ ಪದ ಎತ್ತಿಕೊಂಡು ಅವನನ್ನು ಉಳಿಸಿದರು. ಒರೆಯಾನ ಸಮುದ್ರ ಸೇರಿದ. ಮಂಗಳ.

ಕಾಫಿಗೆ ನಿಂತಾಗ ಗುತ್ಯಪ್ಪ ಹತ್ತಿರ ಬಂದ.

"ಗೆದ್ದಿ ಬೆಳ್ಳಪ್ಪಣ್ಣ. ಸಭೆ ಪೂರಾ ನಿನ್ನ ದೋಣಿ ಹತ್ತಿ ಸಮುದ್ರಕ್ಕೆ ಹೋಯ್ತು."

"ಮತ್ತೆ?"

"ಮತ್ತೇನಿಲ್ಲ. ನಾನು ಮಾತ್ರ ಜೀನು ಅಗೀತಾ ಅಲ್ಲೇ ಕೂತಿದೀನಿ."

ಸೋತವರ ಮಾತಿಗೆ ಯಾವಾಗಲೂ ಸ್ವಲ್ಪ ಕಸೂತಿ ಇರುತ್ತದೆ. ದರ್ಜಿಗಂತೂ ಕೇಳಬೇಕೆ.

ಇದನ್ನು ನೋಡಿದ ತೀರ್ಥಹಳ್ಳಿ ಕಡೆಯ ಇಬ್ಬರು ಮುಂದಿನ ಭಾನುವಾರ ತಮ್ಮಲ್ಲೂ ಇದೇ ಪ್ರಸಂಗ ಆಗಬೇಕೆಂದು ವೀಳ್ಯ ಕೊಟ್ಟರು. ಮೇಷ್ಟ್ರು ನನ್ನನ್ನು ಕೇಳದೆ ತೆಗೆದುಕೊಂಡರು. ಆಮೇಲೆ ಊರು ಯಾವುದೆಂದು ಕೇಳಿದೆ.

ಮೇಳಿಗೆ.

ಮಾರ್ಚ್ ೮, ಮಂಗಳವಾರ

ಸೀತಾರಾಮಪ್ಪ ಇವತ್ತು ಬಸ್ಸಿನಿಂದ ಇಳಿದೇ ಬಂದ. ಅಷ್ಟು ದೊಡ್ಡ ಸುದ್ದಿ.

"ನೀರು ಕೆಳಕ್ಕೇ ಹರಿಯೋದು ಅಂದ್ರಂತೆ ನೀವು. ಮೇಳಿಗೇಲೂ ಗೊತ್ತಾಗಿದೆ. ನಿಮ್ಮನೆಯೋರು ತೀರ್ಥಹಳ್ಳಿ ಸ್ಟ್ಯಾಂಡಲ್ಲಿ ಸಿಕ್ಕಿ ನನ್ನ ಕೇಳಿದ್ರು, 'ಮೇಳಿಗೆ ಸಾಗರಕ್ಕಿಂತ ಮೇಲಿದೆಯೋ, ಕೆಳಗಿದೆಯೋ? ಬಸ್ಸಲ್ಲಿ ದಿನಾ ಓಡಾಡ್ತೀಯಲ್ಲ' ಅಂತ."

"ನೀನೇನಂದೆ?"

"ನಡುವೆ ಹೊಸನಗರ ಇದೆ ಅಂದೆ."

ಮೂರ್ಖ. ಆದರೂ ಇದಕ್ಕೆ ಜಮಖಾನದ ಮೇಲೆ ನಾನು ಏನು ಉತ್ತರ ಕೊಡುತ್ತಿದ್ದೆ ಎಂದು ಸಂಜೆಯವರೆಗೆ ಯೋಚಿಸಿದೆ. ಎರಡು ಸಲ ತೂಕ ತಪ್ಪಿತು. ಗಿರಾಕಿ ಬಾಯಿ ಬಿಡಲಿಲ್ಲವಾದ್ದರಿಂದ ತಪ್ಪಿದ್ದು ಅವನ ಕಡೆಗೇ ಇರಬೇಕು.

ಮೇಳಿಗೆ, ಮಾರ್ಚ್ ೧೩, ಭಾನುವಾರ, ಸಂಜೆ

ಶಾಲೆಯ ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ಒಳಗೆ ಮೇಷ್ಟ್ರು ಯಾರ ಜೊತೆಗೂ ಮಾತಾಡದೆ ಮಲಗಿದ್ದಾರೆ. ಅವರ ಪ್ರಕಾರ ನಾನು ಚರಿತ್ರೆಯ ಕೊಲೆ ಮಾಡಿದ್ದೇನೆ.

ಬೆಳಿಗ್ಗೆ ಹೊರಡುವಾಗ ಪೆಟ್ಟಿಗೆಯನ್ನೂ ಬಸ್ಸಿನ ಮೇಲೆ ಹಾಕಿಸಿದೆ. ಹೇಗೂ ಹೋಗುವುದು ಅದೇ ಊರಿಗೆ. ಕೊಟ್ಟು ಕೈ ತೊಳೆದುಕೊಂಡರೆ ಸೀತಾರಾಮಪ್ಪನ ಬಾಯಿ ಮುಚ್ಚುತ್ತದೆ. ಹೊಸನಗರ ದಾಟುವಾಗ ಗುತ್ಯಪ್ಪ, "ಬೆಳ್ಳಪ್ಪಣ್ಣ, ದೋಣಿ ಈ ಸಲ ಸೆಳವಿಗೆ ಎದುರು ಹೋಗ್ತಿದೆ" ಎಂದ. ಮಾತಾಡದವನಿಗೆ ಬಸ್ಸು ಹತ್ತಿದರೆ ನಾಲಗೆ ಬರುತ್ತದೆ. ತೀರ್ಥಹಳ್ಳಿಯಲ್ಲಿ ಬಸ್ಸು ಬದಲಿಸುವಾಗ ಟ್ರಂಕಿನ ಒಂದು ಕಡೆ ನಾನು, ಒಂದು ಕಡೆ ಅವನು. ಮೇಷ್ಟ್ರು ತಮ್ಮ ಪ್ರಸಂಗದ ಪುಸ್ತಕ ಹೊತ್ತುಕೊಂಡಿದ್ದರು.

ಶಾಲೆಯ ಎದುರು ಚಪ್ಪರ. ಮುಂದಿನ ಸಾಲಿನಲ್ಲಿ ಮಾವ ಗಿರಿಯಪ್ಪ. ಒಗೆದ ಪಂಚೆ, ಹೆಗಲಿಗೆ ಹೊಸ ಶಲ್ಯ. ನಾನು ಬಾಯಿ ತೆರೆಯುವ ಮೊದಲೇ ನಗಲು ಶುರುಮಾಡಿದರು. ಪಕ್ಕದವನಿಗೆ ತಿವಿದು, "ನಮ್ಮ ಅಳಿಯ. ಭಾರಿ ಮಾತುಗಾರ" ಅನ್ನುತ್ತಿದ್ದದ್ದು ನನಗೆ ಕೇಳಿಸುತ್ತಿತ್ತು. ನಾನು ದಾಲ್ಚಿನ್ನಿಯ ಮಾತು ಆಡಿದೆ, ನಕ್ಕರು. ನಾಯಿ, ಹಂದಿ, ನಕ್ಕರು. ನಗುವಿಲ್ಲದ ಕಡೆಯೂ ನಕ್ಕರು. ಒಬ್ಬ ಮನುಷ್ಯ ಹಾಗೆ ತಡೆಯಿಲ್ಲದೆ ನಗುತ್ತಿದ್ದರೆ ಎದುರು ಕೂತವನಿಗೆ ಅರ್ಥ ಹೇಳುವುದು ಎಷ್ಟು ಕಷ್ಟ ಎಂದು ಸಭೆಗೆ ಹೇಗೆ ತಿಳಿಯಬೇಕು?

ಹೆಂಗಸರ ಕಡೆ, ಕಂಬದ ಹತ್ತಿರ ಹೂವಮ್ಮ ನಿಂತಿದ್ದಳು. ಕೂರಲು ಜಾಗ ಇತ್ತು. ನಿಂತೇ ಇದ್ದಳು.

ಕನಸು ಬಂತು. ಗುತ್ಯಪ್ಪ ಸಾಗರದಲ್ಲಿ ಕೇಳಿದ್ದನ್ನೇ ಕೇಳಿದ. ನಾನು ಮೂರು ಕಂಬ ನೆಟ್ಟೆ. ಚಪ್ಪಾಳೆ ಬಿತ್ತು. ಇನ್ನು ಭಾಗವತರು ಪದ ಎತ್ತಬೇಕು. ಆಗ ಗುತ್ಯಪ್ಪ ಕೈ ಎತ್ತಿ ಅವರನ್ನು ತಡೆದ. ಸಾಗರದಲ್ಲಿ ಇದು ಇರಲಿಲ್ಲ.

"ಅರವತ್ತು ಬಾಯಿ, ಒಪ್ಪಿದೆ" ಎಂದ. "ಸೆಳವು, ಒಪ್ಪಿದೆ. ರುಜು, ಅದನ್ನೂ ಒಪ್ಪಿದೆ. ನಾನು ಕೇಳೋದು ಒಂದೇ. ನಾವು ದಿನಾ ಸಂಜೆ ದಡಕ್ಕೆ ಬಂದು ನಿಂತು ನೋಡ್ತಿದ್ದೆವು. ಅದು ನಿನಗೆ ಗೊತ್ತಿತ್ತೋ, ಇಲ್ಲವೋ?"

ಮಾವನ ನಗು ನಿಂತಿತು. ಅಲ್ಲಿಯವರೆಗೆ ಅವರ ಮುಖವನ್ನು ನಗುವಿಲ್ಲದೆ ನಾನು ನೋಡಿಯೇ ಇರಲಿಲ್ಲ ಎಂದು ಕಾಣುತ್ತದೆ. ವಯಸ್ಸಾಗಿದೆ.

ಇದಕ್ಕೆ ಉತ್ತರ ಇಲ್ಲವೆಂದಲ್ಲ. ಗೊತ್ತಿರಲಿಲ್ಲ ಎಂದರೆ ಒರೆಯಾನ ಮೂರ್ಖ, ಗೊತ್ತಿತ್ತು ಎಂದರೆ ದ್ರೋಹಿ. ಎರಡರ ನಡುವೆ ಜಾರಿಕೊಳ್ಳಲು ನನಗೆ ಇಪ್ಪತ್ತು ದಾರಿ ಗೊತ್ತು. ಆದರೆ ಸಭೆಗೆ ಬೇಸರ ಬರಬಾರದಲ್ಲ. ಅದಕ್ಕೇ ಹೊಸ ಉಪಾಯ ಹೂಡಿದೆ.

"ಗೊತ್ತಿತ್ತು" ಎಂದೆ. "ದಿನಾ ಸಂಜೆ ಗೊತ್ತಿತ್ತು. ಸೆಳವು ಜೋರಾಗಿತ್ತು, ಆದರೆ ನಾನು ಹುಟ್ಟು ಹಾಕಿಯೇ ನೋಡಲಿಲ್ಲ. ಬಂದರೆ ನಿನ್ನ ಮುಖ ನೋಡಬೇಕಾಗುತ್ತಿತ್ತು." ಆಮೇಲೆ ಎದ್ದು ನಿಂತೆ, ತಾಳಮದ್ದಳೆಯಲ್ಲಿ ಯಾರೂ ಏಳುವುದಿಲ್ಲ. "ಕನಸು ಮುಗಿಯಿತು. ಯಾರಲ್ಲಿ! ದೋಣಿ ತಿರುಗಿಸಿ. ರುಜು ಹಾಕಿದವರು ಬೇಕಾದರೆ ಇಲ್ಲೇ ಇಳಿಯಿರಿ. ದೋಣಿ ಹೋಗದಿದ್ದರೆ ದಡ ಹಿಡಿದು ನಡೆದು ಹೋಗುತ್ತೇನೆ."

ಭಾಗವತರು ತಾಳ ಕೈಯಲ್ಲಿ ಹಿಡಿದು ನನ್ನನ್ನೇ ನೋಡಿದರು. ಅವರ ಹತ್ತಿರ ಇದ್ದ ಪದ ಸಮುದ್ರದ್ದು.

ಮೇಷ್ಟ್ರು ಸಭೆಯ ನಡುವಿನಿಂದ ಎದ್ದರು. "ಹಾಗೆ ಆಗಲೇ ಇಲ್ಲ! ಅವನು ಸಮುದ್ರಕ್ಕೆ ಹೋದ! ಸಾವಿರದ ಐನೂರ ನಲವತ್ತೆರಡು, ಆಗಸ್ಟ್!"

"ಕೂತ್ಕೊಳಿ ಮೇಷ್ಟ್ರೆ, ಅವ ವಾಪಸ್ ಹೋಗ್ತಿದಾನೆ!" ಎಂದು ಹಿಂದಿನಿಂದ ಯಾರೋ ಕೂಗಿದರು. "ಹೋಗ್ಲಿ ಬಿಡಿ!" ಎಂದು ಇನ್ನೊಬ್ಬ. ಮಾತು ನಿಲ್ಲುವ ಲಕ್ಷಣ ಕಾಣದೆ ಶ್ಯಾಮ ಭಾಗವತರು ನೇರ ಮಂಗಳಕ್ಕೇ ಹೋದರು. ಒರೆಯಾನ ಪಿಸಾರೊನನ್ನು ಮುಟ್ಟಿದನೋ ಇಲ್ಲವೋ ಯಾರಿಗೂ ತಿಳಿಯಲಿಲ್ಲ.

ಆಮೇಲೆ ಚಪ್ಪರದ ಬದಿಯಲ್ಲಿ ಹೂವಮ್ಮ ಪಾನಕದ ಲೋಟ ತಂದು ಕೊಟ್ಟಳು. ಎಲ್ಲರಿಗೂ ಕೊಡುತ್ತಿದ್ದಳು, ನನಗೂ ಕೊಟ್ಟಳು.

"ಅರ್ಥ ಚೆನ್ನಾಗಿತ್ತು" ಎಂದಳು.

ನಾನು ಅವಳೇ ಇನ್ನೂ ಏನಾದರೂ ಹೇಳುತ್ತಾಳೆಂದು ನಿಂತೆ. ಹೇಳಿದಳು.

"ಆದ್ರೆ ಜಮಖಾನದ ಮಾತು ಜಮಖಾನದ ಮೇಲೇ ಅಲ್ವಾ? ಅಲ್ಲಿ ಆಡಿದ್ದು ಒರೆಯಾನಂದು. ನಿಮ್ಮದಲ್ಲ."

"ಹೂವಮ್ಮ..."

"ಕರೆಯೋದಿದ್ರೆ ನಾಳೆ ಬೆಳಿಗ್ಗೆ ಮನೆಗೆ ಬನ್ನಿ. ಅಪ್ಪ ಇರ್ತಾರೆ. ಪಾತ್ರ ಯಾವುದೂ ಬೇಡ."

ನಿಯಮವನ್ನು ಹೆಂಗಸರಿಗೆ ಕಲಿಸಿದರೆ ಹೀಗೇ.

ಮೇಳಿಗೆ, ಮಾರ್ಚ್ ೧೪, ಸೋಮವಾರ

ಹೋದೆ. ಹೇಗೂ ಪೆಟ್ಟಿಗೆ ಮುಟ್ಟಿಸಬೇಕಿತ್ತು. ಗುತ್ಯಪ್ಪ ಟ್ರಂಕನ್ನು ಬೇಲಿಯವರೆಗೆ ಹಿಡಿದ. "ಇಲ್ಲಿಂದ ನೀನೇ" ಎಂದು ತಿರುಗಿ ಹೋದ.

ಮಾವ ಜಗಲಿಯಲ್ಲಿ ಹಗ್ಗ ಹೊಸೆಯುತ್ತಿದ್ದರು. ಗಟ್ಟಿ ಹಗ್ಗ. ಅದನ್ನೇ ನೋಡುತ್ತಾ ನಿಂತೆ. ಬಾಯಿಗೆ ಮಾತು ಬರಲಿಲ್ಲ ಎಂದು ಬರೆದರೆ ಸುಳ್ಳು. ಬಂದವು, ಸಾಲುಗಟ್ಟಿ ಬಂದವು. ಆದರೆ ಒಂದು ಕೃಷ್ಣನದು, ಒಂದು ವಿದುರನದು, ಒಂದು ನಿನ್ನೆಯ ಒಕ್ಕಣ್ಣನದು. ಒಂದೊಂದನ್ನೂ ಎತ್ತಿ ನೋಡಿ ಕೆಳಗಿಟ್ಟೆ. ಇಷ್ಟು ವರ್ಷ ಇಷ್ಟು ಮಾತು ಕೂಡಿಟ್ಟವನ ಹತ್ತಿರ ನನ್ನದೆನ್ನುವ ಸರಕು ಇಷ್ಟು ಕಡಿಮೆ ಇರಬಾರದಾಗಿತ್ತು.

ಕೊನೆಗೆ ಹೇಳಿದ್ದು ಐದಾರು ಮಾತು. ನಡುವೆ ಒಂದು ಸಲ ತೊದಲಿದೆ. ಅವುಗಳನ್ನು ಇಲ್ಲಿ ಬರೆಯುವುದಿಲ್ಲ, ಬರೆದರೆ ತಿದ್ದಬೇಕೆನಿಸುತ್ತದೆ.

ಮಾವ ಗಾಬರಿಯಾಗಿ ಹಗ್ಗ ಬಿಟ್ಟು ಎದ್ದರು. "ಅಯ್ಯೋ, ಎಂತ ಮಾತು ಅಳಿಯಂದ್ರೆ! ನಾನೇ ನಕ್ಕಿದ್ದೆನಲ್ಲ ಅವತ್ತು."

"ನಕ್ಕಿದ್ರಿ."

"ನಗದೇ ಕೂತಿದ್ರೆ, ಮಾವನಿಗೆ ಬೇಜಾರಾಯ್ತು ಅಂತ ಜನಕ್ಕೆ ಗೊತ್ತಾಗ್ತಿತ್ತು. ಅಷ್ಟು ಜನರ ಎದುರು ನಿಮ್ಮ ಮರ್ಯಾದೆ ಹೋಗ್ತಿತ್ತು."

ಒಳಗೆ ಪಾತ್ರೆ ತೊಳೆಯುವ ಸದ್ದು ನಿಂತಿತು.

ಸ್ವಲ್ಪ ಹೊತ್ತಿಗೆ ಹೂವಮ್ಮ ಸೆರಗಿಗೆ ಕೈ ಒರೆಸುತ್ತಾ ಬಂದು ಅಂಗಳದ ಟ್ರಂಕನ್ನು ನೋಡಿದಳು. "ಇದನ್ನ ಯಾಕೆ ತಂದ್ರಿ? ಬಿಟ್ಟು ಹೋಗೋಕೋ?"

"ಬಸ್ಸಿನ ಮೇಲೆ ಜಾಗ ಇತ್ತು" ಅಂದೆ.

"ಗಿಳಿ ಮೇಲೆ ಯಾಕೆ ಗೋಣಿ?"

ಅವಳು ಗೋಣಿ ತೆಗೆದು, ಗಿಳಿಯನ್ನು ನೋಡಿ, ಮತ್ತೆ ಗೋಣಿ ಹೊದಿಸಿದಳು. "ಎರಡು ಗಂಟೆ ಬಸ್ಸಿಗೆ ಹೊರಡೋದಾದ್ರೆ ಈಗಲೇ ಅನ್ನಕ್ಕಿಡ್ತೀನಿ" ಎಂದು ಒಳಗೆ ಹೋದಳು.

ಸಾಗರ, ಮಾರ್ಚ್ ೧೭, ಗುರುವಾರ

ಬಸ್ಸಿನಲ್ಲಿ ಜೋನಿ ಬೆಲ್ಲದ ಡಬ್ಬಿ ನನ್ನ ತೊಡೆಯ ಮೇಲಿತ್ತು. ಹೊಸನಗರದ ತಿರುವಿನಲ್ಲಿ ಮುಚ್ಚಳ ಸಡಿಲಾಗಿ ಪಂಚೆಗೆಲ್ಲ ಸುರಿಯಿತು. ಸೀತಾರಾಮಪ್ಪನ ಡ್ರೈವರನಿಗೆ ಬಸ್ಸು ಓಡಿಸಲು ಯಾರು ಕಲಿಸಿದರೋ. ಹೂವಮ್ಮ ಕಿಟಕಿ ಕಡೆ ತಿರುಗಿ ಭುಜ ಕುಲುಕಿಸುತ್ತಿದ್ದಳು. ನಕ್ಕದ್ದೇ ಇರಬೇಕು. ಟಿಕೆಟ್ ಕೊಡುತ್ತಾ ಸೀತಾರಾಮಪ್ಪ ಒಂದು ಮಾತೂ ಆಡಲಿಲ್ಲ. ಅವನ ಸರ್ವೀಸಿನಲ್ಲೇ ಇದು ಮೊದಲು.

ಅಕ್ಕ ಪೆಟ್ಟಿಗೆಯನ್ನು ತಾನೇ ಎಳೆದು ಒಳಮನೆಗೆ ಹಾಕಿದಳು. ಸಹಾಯ ಬೇಡ ಎಂದಳು.

ಮೇಷ್ಟ್ರು ಇನ್ನೂ ಮಾತು ಬಿಟ್ಟಿದ್ದಾರೆ. ಪ್ರಸಂಗಕ್ಕೆ ಕೊನೆಯಲ್ಲಿ ಇನ್ನೊಂದು ಪದ ಸೇರಿಸುತ್ತಿದ್ದಾರೆಂದು ಗುತ್ಯಪ್ಪ ಹೇಳಿದ. ಚರಿತ್ರೆ ಅಂತೆ!

ಇವತ್ತು ಸಂತೆ. ಅಂಗಡಿಯಲ್ಲಿ ಜನ ಇದ್ದರು. ಮಂಡಿಯವನೊಬ್ಬ, "ಬೆಳ್ಳಪ್ಪಣ್ಣ, ಆ ಕುಚೇಲನ ಮಾತು ಒಂದ್ಸಲ ಆಡು ಮಾರಾಯ, ಇವ್ರು ಕೇಳಿಲ್ಲ" ಎಂದು ಹೊಸಬರಿಬ್ಬರನ್ನು ಮುಂದೆ ತಳ್ಳಿದ. ಗಂಟಲು ಕಟ್ಟಿದೆ ಎಂದೆ. ಮೇಳಿಗೆಯ ಪಾನಕ ತಣ್ಣಗಿತ್ತು, ಅದರದ್ದೇ ಇರಬೇಕು.

ಡಬ್ಬಿಯಲ್ಲಿ ಅರ್ಧ ಉಳಿದಿತ್ತು. ಹೂವಮ್ಮ ಮೂವರಿಗೂ ದೋಸೆಗೆ ಹಚ್ಚಿಕೊಟ್ಟಳು. ಪೇಟೆಯಲ್ಲಿ ಸಿಗುವ ಜೋನಿ ಬೆಲ್ಲವೆಲ್ಲ ಬರೀ ಮೋಸ. ನೀರು, ಬಣ್ಣ, ಇನ್ನೇನು ಸುಡುಗಾಡೋ. ಇದರ ಪಾಕ ನೋಡಿದರೆ ತಿಳಿಯುತ್ತದೆ. ಅವರ ಆಲೆಮನೆದೇ, ಹೊರಗಿಂದಲ್ಲ.